ನಮ್ಮ ಬೇವಿನ ಮರ ಯಾಕೆ ಒಣಗಿತು?

ಮಕ್ಕಳೇ, ರಜೆ ಮುಗಿದು ತರಗತಿ ಶುರುವಾದಾಗ "ನಮ್ಮ ಮನೆಯ ಮರ" ಅಂತ ಹತ್ತು ಸಾಲು ಬರೆಯಲು ಹೇಳಿದ್ದೆವು, ನೆನಪಿದೆಯಾ? ಕೆಲವರು ಬಾಲ್ಕನಿಯ ಕರಿಬೇವಿನ ಬಗ್ಗೆ ಬರೆದಿರಿ, ಕೆಲವರು ಊರಲ್ಲಿ ಅಜ್ಜನ ಮನೆಯ ಹಿತ್ತಲಿನ ಮಾವಿನ ಬಗ್ಗೆ. ನನ್ನ ಮಗಳು ಮಾತ್ರ ಖಾಲಿ ಹಾಳೆ ಕೊಟ್ಟಳು. ಮನೆಗೆ ಬಂದು ಕೇಳಿದರೆ, "ನಮ್ಮ ಮರ ಸತ್ತೇ ಹೋತಲ್ಲ ಅಪ್ಪಾ. ನಾ ದಿನಾ ಎರಡು ಬಕೆಟ್ ನೀರು ಹಾಕ್ತಿದ್ದೆ. ಆದ್ರೂ ಯಾಕ ಒಣಗ್ತು? ನಾ ಏನರೆ ತಪ್ಪು ಮಾಡಿದ್ನಾ?" ಅಂದಳು.

"ಬಿಸಿಲು ಜಾಸ್ತಿ ಇತ್ತು ಪುಟ್ಟಿ" ಎಂದು ಹೇಳಿ ಆವತ್ತು ತಪ್ಪಿಸಿಕೊಂಡೆ. ಅದು ಸುಳ್ಳಲ್ಲ, ಪೂರ್ತಿ ಉತ್ತರವೂ ಅಲ್ಲ. ನಾನು ಕಂಪ್ಯೂಟರ್ ಕೆಲಸದವನು, ಗಿಡ ಮರದ ಪಾಠ ನನಗೂ ಹೊಸದು. ಆಮೇಲೆ ಓದಿದ್ದು, ನರ್ಸರಿಯವರನ್ನು ಕೇಳಿ ತಿಳಿದದ್ದು ಎಲ್ಲ ಸೇರಿಸಿ ಅವಳಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಾಂಪೌಂಡಿನ ಮೂರು ಮನೆಯವರು ಸೇರಿ ಅಂಗಳಕ್ಕೆ ನೆರಳು ಬೇಕು ಅಂತ ತೀರ್ಮಾನಿಸಿದೆವು. ಸಸಿ ನೆಟ್ಟರೆ ನೆರಳು ಬರುವಷ್ಟರಲ್ಲಿ ನಮ್ಮ ವೀಸಾನೇ ಮುಗಿದಿರುತ್ತೆ, ದೊಡ್ಡ ಮರವನ್ನೇ ತರೋಣ ಅಂದವನು ನಾನೇ. ಏಪ್ರಿಲ್ ತಿಂಗಳಲ್ಲಿ ಪಿಕಪ್ ಗಾಡಿಯಲ್ಲಿ ಬೇವಿನ ಮರ ಬಂತು. ಎರಡಾಳು ಎತ್ತರ, ತಲೆ ತುಂಬ ಎಲೆ. ಮಕ್ಕಳೆಲ್ಲ ಕುಣಿದಾಡಿದರು, ಸಂಜೆಯೇ ಕೆಳಗೆ ಚಾಪೆ ಹಾಸಿ ಚುರುಮುರಿ ತಿಂದೆವು. ಮೂರು ವಾರಕ್ಕೆ ಎಲೆ ಹಳದಿಯಾಯಿತು. ಜೂನ್‌ನಲ್ಲಿ ನಾವು ಊರಿಗೆ ಹೊರಡುವ ಮೊದಲೇ ಕೊಂಬೆ ಮುರಿದರೆ ಲಟ್ ಅನ್ನುತ್ತಿತ್ತು.

ಈಗ ಪಾಠಕ್ಕೆ ಬರೋಣ. ಮರ ನೀರು ಕುಡಿಯುವುದು ಯಾವುದರಿಂದ? "ಬೇರಿನಿಂದ" ಅಂತ ಎಲ್ಲರೂ ಹೇಳುತ್ತೀರಿ. ಸರಿ, ಆದರೆ ಎಲ್ಲ ಬೇರೂ ಅಲ್ಲ. ನಮ್ಮ ತೋಳಿನ ಹಾಗೆ ದಪ್ಪ ಇರುವ ಬೇರುಗಳು ಮರವನ್ನು ಹಿಡಿದು ನಿಲ್ಲಿಸುತ್ತವೆ, ನೀರನ್ನು ಸಾಗಿಸುತ್ತವೆ. ನೀರನ್ನು ಹೀರುವ ಕೆಲಸ ಅವುಗಳ ತುದಿಯಲ್ಲಿರುವ ನೂಲಿನಂಥ ಸಣ್ಣ ಬೇರುಗಳದ್ದು. ಇವು ಹೆಚ್ಚಾಗಿ ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ ಇರುತ್ತವೆ, ಮರದ ನೆರಳು ಬೀಳುವ ಜಾಗಕ್ಕಿಂತಲೂ ಆಚೆಗೆ ಹರಡಿರುತ್ತವೆ. ಬುಡದ ಹತ್ತಿರ ಅಗೆದು ಮರವನ್ನು ಕಿತ್ತರೆ, ಈ ಸಣ್ಣ ಬೇರುಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹಳೇ ಜಾಗದಲ್ಲೇ ಉಳಿದುಬಿಡುತ್ತವೆ.

ಮೇಲೆ ಎಲೆಗಳು ಮಾತ್ರ ಅಷ್ಟೇ ಇವೆ. ಒಂದೊಂದು ಎಲೆಯಲ್ಲೂ ಸಾವಿರಾರು ಸಣ್ಣ ರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಖರ್ಚು ಮೊದಲಿನಷ್ಟೇ, ಸಂಬಳ ಮಾತ್ರ ಕಾಲುಭಾಗ. ಎಷ್ಟು ದಿನ ಸಂಸಾರ ನಡೆಯುತ್ತೆ? ಮಗಳು ಹಾಕಿದ ಎರಡು ಬಕೆಟ್ ನೀರು ಮಣ್ಣಿನಲ್ಲಿ ಇತ್ತು. ಕುಡಿಯಲು ಮರಕ್ಕೆ ಬಾಯಿಯೇ ಇರಲಿಲ್ಲ.

ಎಷ್ಟು ಬೇರು ಬೇಕಿತ್ತು ಅನ್ನುವುದನ್ನು ಲೆಕ್ಕ ಹಾಕಬಹುದು. ಮರ ಸಾಗಿಸುವವರಲ್ಲಿ ಒಂದು ಲೆಕ್ಕವಿದೆ: ಕಾಂಡದ ಅಡ್ಡಳತೆಯ 10ರಿಂದ 12 ಪಟ್ಟು ಅಗಲದ ಮಣ್ಣುಮುದ್ದೆಯನ್ನು ಬೇರಿನ ಜೊತೆಗೇ ಎತ್ತಬೇಕು. ನಮ್ಮ ಬೇವಿನ ಸುತ್ತಳತೆ 63 ಸೆಂ.ಮೀ. ಅದನ್ನು 3.14ರಿಂದ ಭಾಗಿಸಿ. ಅಡ್ಡಳತೆ ಸುಮಾರು 20 ಸೆಂ.ಮೀ. ಅಂದರೆ ಕಡಿಮೆಯೆಂದರೂ 2 ಮೀಟರ್ ಅಗಲದ ಮುದ್ದೆ ಇರಬೇಕಿತ್ತು. ಆಳ 80 ಸೆಂ.ಮೀ. ಅಂದುಕೊಳ್ಳೋಣ. 3.14 × 1 × 1 × 0.8, ಸುಮಾರು 2.5 ಘನ ಮೀಟರ್ ಮಣ್ಣು. ಒಂದು ಘನ ಮೀಟರ್ ಮಣ್ಣು ಹೆಚ್ಚೂಕಡಿಮೆ 1.6 ಟನ್ ತೂಗುತ್ತದೆ. ಒಟ್ಟು 4 ಟನ್!

ಒಣಗಿದ ಮರವನ್ನು ತೆಗೆಸಿದ ದಿನ ನಾನೇ ಟೇಪ್ ಹಿಡಿದು ನೋಡಿದೆ. ಅದಕ್ಕೆ ಇದ್ದ ಮುದ್ದೆ 80 ಸೆಂ.ಮೀ. ಅಗಲ, 60 ಸೆಂ.ಮೀ. ಆಳ. ಅದರ ತೂಕವನ್ನು ನೀವೇ ಲೆಕ್ಕ ಹಾಕಿ, ಅರ್ಧ ಟನ್ ಕೂಡ ಬರುವುದಿಲ್ಲ. 4 ಟನ್ ಮಣ್ಣು ಹೊತ್ತ ಮರ ಪಿಕಪ್ ಗಾಡಿಯಲ್ಲಿ ಬರುವುದಕ್ಕೆ ಸಾಧ್ಯವೇ ಇಲ್ಲ ಅಂತ ಇಂಜಿನಿಯರ್ ಆದ ನನಗೆ ಆವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಈ ಕೆಲಸವನ್ನು ಸರಿಯಾಗಿ ಮಾಡುವವರು ಒಂದೇ ದಿನದಲ್ಲಿ ಮಾಡುವುದಿಲ್ಲ. ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಮೊದಲೇ ಮರದ ಸುತ್ತ ಸ್ವಲ್ಪ ಸ್ವಲ್ಪವಾಗಿ ಕಾಲುವೆ ತೆಗೆದು ದೊಡ್ಡ ಬೇರುಗಳನ್ನು ಚೊಕ್ಕವಾಗಿ ಕತ್ತರಿಸುತ್ತಾರೆ. ಕತ್ತರಿಸಿದಲ್ಲಿ, ಕಾಂಡಕ್ಕೆ ಹತ್ತಿರದಲ್ಲೇ, ಹೊಸ ಸಣ್ಣ ಬೇರುಗಳು ಗುಂಪಾಗಿ ಹುಟ್ಟುತ್ತವೆ. ಅವು ಬೆಳೆದ ಮೇಲೆ ಮುದ್ದೆಗೆ ಗೋಣಿತಟ್ಟು ಸುತ್ತಿ, ಹಗ್ಗ ಬಿಗಿದು, ಕ್ರೇನ್‌ನಿಂದ ಮುದ್ದೆಯ ಕೆಳಗೆ ಹಿಡಿದು ಎತ್ತುತ್ತಾರೆ. ಬರೀ ಕಾಂಡಕ್ಕೆ ಹಗ್ಗ ಹಾಕಿ ಎತ್ತಿದರೆ ತೊಗಟೆ ಕಿತ್ತು ಬರುತ್ತದೆ, ಮುದ್ದೆಯೂ ಒಡೆಯುತ್ತದೆ. ನಮ್ಮ ಆಫೀಸಿನಲ್ಲಿ ಹಳೇ ಸರ್ವರ್‌ನಿಂದ ಹೊಸದಕ್ಕೆ ಹೋಗುವಾಗಲೂ ಹೀಗೇ. ಬದಲಾಯಿಸುವ ಕೆಲಸ ಒಂದು ರಾತ್ರಿಯದ್ದು, ತಯಾರಿ ಆರು ತಿಂಗಳದ್ದು.

ನೆಟ್ಟ ಮೇಲೂ ಕಾಯಬೇಕು. ಕಾಂಡ ಎಷ್ಟು ಇಂಚು ದಪ್ಪವೋ ಸುಮಾರು ಅಷ್ಟು ವರ್ಷ ಬೇಕು ಮರ ಪೂರ್ತಿ ಚೇತರಿಸಿಕೊಳ್ಳಲು, ಎಂದು ಚಳಿ ದೇಶಗಳ ಅನುಭವದ ಲೆಕ್ಕವಿದೆ. ಬಿಸಿ ದೇಶದಲ್ಲಿ ಬೇಗ ಆಗಬಹುದು. ಆದರೂ 8 ಇಂಚಿನ ಮರ ಸುಧಾರಿಸಿಕೊಳ್ಳುತ್ತಾ ಕೂತಿರುವಾಗ 1 ಇಂಚಿನ ಗಿಡ ಬೇರು ಬಿಟ್ಟು ಬೆಳೆಯಲು ಶುರುಮಾಡಿರುತ್ತದೆ. ಎಷ್ಟೋ ಸಲ ಸಣ್ಣದೇ ದೊಡ್ಡದನ್ನು ಹಿಂದೆ ಹಾಕುತ್ತದಂತೆ.

ಇದನ್ನೆಲ್ಲ ತರಗತಿಯಲ್ಲಿ ಹೇಳುವಾಗ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಅಂಕಲ್, ಮತ್ತೆ ಖರ್ಜೂರದ ಮರ? ನಮ್ಮ ರೌಂಡ್‌ಅಬೌಟ್‌ನಲ್ಲಿ ನಿನ್ನೆ ಇರಲಿಲ್ಲ, ಇವತ್ತು ಇತ್ತು!" ಒಳ್ಳೇ ಪ್ರಶ್ನೆ. ಖರ್ಜೂರ ಬೇವಿನ ಜಾತಿಯದ್ದಲ್ಲ, ನಮ್ಮ ತೆಂಗು ಅಡಿಕೆಯ ಬಳಗದ್ದು. ತೆಂಗಿನ ಬುಡ ನೋಡಿದ್ದೀರಲ್ಲ, ಒಂದೇ ದಪ್ಪದ ನೂರಾರು ಬೇರುಗಳು ಪೊರಕೆಯ ಹಾಗೆ ಇರುತ್ತವೆ. ಈ ಬಳಗದ ಮರಗಳಿಗೆ ಕಾಂಡದ ಬುಡದಿಂದ ಜೀವನಪೂರ್ತಿ ಹೊಸ ಬೇರು ಹುಟ್ಟುತ್ತಲೇ ಇರುತ್ತದೆ. ಅದಕ್ಕೇ ಚಿಕ್ಕ ಮುದ್ದೆ ಸಾಕು, ದೊಡ್ಡ ಮರವೂ ಬದುಕುತ್ತದೆ. ಆದರೆ ಅದಕ್ಕೊಂದು ಅಪಾಯವಿದೆ. ಇಡೀ ಮರಕ್ಕೆ ಬೆಳೆಯುವ ಸುಳಿ ನೆತ್ತಿಯಲ್ಲಿ ಒಂದೇ ಒಂದು. ಅದು ಮುರಿದರೆ ಆ ಕಾಂಡದ ಕಥೆ ಮುಗಿಯಿತು. ಹೊಸದಾಗಿ ನೆಟ್ಟ ಖರ್ಜೂರದ ಗರಿಗಳನ್ನು ಜುಟ್ಟಿನ ಹಾಗೆ ಮೇಲಕ್ಕೆ ಕಟ್ಟಿರುತ್ತಾರಲ್ಲ, ಅದು ಸುಳಿಯನ್ನು ಕಾಪಾಡಲಿಕ್ಕೆ.

ತೋಟದವರು ಮಾತ್ರ ಸಾಮಾನ್ಯವಾಗಿ ದೊಡ್ಡ ಮರ ಕೊಳ್ಳುವುದಿಲ್ಲ. ತಾಯಿಮರದ ಬುಡದಲ್ಲಿ ಬಾಳೆಯ ಹಾಗೆ ಕಂದು ಬರುತ್ತದೆ, ಅದನ್ನು 3ರಿಂದ 5 ವರ್ಷ ಬೆಳೆಸಿ ಬೇರೆ ಮಾಡುತ್ತಾರೆ. ಬೀಜ ಹಾಕಿದರೆ ಅರ್ಧಕ್ಕರ್ಧ ಗಂಡು ಮರಗಳಾಗುತ್ತವೆ, ಹಣ್ಣು ಬಿಡುವುದಿಲ್ಲ. ಹೆಣ್ಣಾದರೂ ತಾಯಿಯ ರುಚಿ ಬರುವ ಭರವಸೆಯಿಲ್ಲ. ಕಂದು ನೆಟ್ಟರೆ ಖಲಾಸ್ ಖಲಾಸೇ, ಖುನೈಜಿ ಖುನೈಜಿಯೇ. 2009ರಲ್ಲಿ ಸುಲ್ತಾನ್ ಕಾಬೂಸ್ ಅವರು ಹತ್ತು ಲಕ್ಷ ಖರ್ಜೂರದ ಮರ ನೆಡುವ ಯೋಜನೆ ಘೋಷಿಸಿದರು. ಅಂಥ ಯೋಜನೆಗೆ ಮೊದಲು ಬೇಕಾದದ್ದೇ ಒಳ್ಳೇ ಜಾತಿಯ ಲಕ್ಷಗಟ್ಟಲೆ ಗಿಡಗಳು.

ಇನ್ನೊಂದು ಮರದ ವಿಷಯ ಹೇಳದಿದ್ದರೆ ಈ ಪಾಠ ಅಪೂರ್ಣ. ಬಿದಿಯಾ ಕಡೆಗೆ ಮರಳುಗಾಡು ನೋಡಲು ಹೋದಾಗ, ಮರಳಿನ ಅಂಚಿನಲ್ಲಿ ಸಣ್ಣ ಎಲೆಯ, ಬಾಗಿದ ಕೊಂಬೆಗಳ ಮರಗಳನ್ನು ನೋಡಿರುತ್ತೀರಿ. ಕೆಳಗೆ ಒಂಟೆಗಳೋ ಆಡುಗಳೋ ನಿಂತಿರುತ್ತವೆ. ಇಲ್ಲಿನವರು ಅದನ್ನು ಗಾಫ್ ಅನ್ನುತ್ತಾರೆ. ಶರ್ಕಿಯಾ ಮರಳುಗಾಡಿನ ಪೂರ್ವದಲ್ಲಿ ಇದರ ಕಾಡೇ ಇದೆ. ನಾನು ಹತ್ತು ವರ್ಷ ಅದನ್ನು "ಯಾವುದೋ ಜಾಲಿ" ಅಂದುಕೊಂಡಿದ್ದೆ. ಅದು ನಮ್ಮ ಬನ್ನಿ! ದಸರೆಯಲ್ಲಿ ನಮ್ಮ ಹಾವೇರಿ ಕಡೆ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೋಣು" ಅಂತೀವಲ್ಲ, ಪಾಂಡವರು ಆಯುಧ ಮುಚ್ಚಿಟ್ಟರು ಅನ್ನುವ ಶಮೀ ವೃಕ್ಷ, ಅದೇ. ವಿಜ್ಞಾನದ ಹೆಸರು ಎರಡೂ ಕಡೆ ಒಂದೇ, ಪ್ರೊಸೋಪಿಸ್ ಸಿನೆರೇರಿಯಾ. ರಾಜಸ್ಥಾನದಲ್ಲಿ ಖೇಜ್ಡಿ. ಅಲ್ಲಿನ ಖೇಜಡ್ಲಿ ಹಳ್ಳಿಯಲ್ಲಿ 1730ರಲ್ಲಿ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾದೇವಿ ಎಂಬ ಹೆಣ್ಣುಮಗಳು ಮರವನ್ನು ತಬ್ಬಿ ನಿಂತು ಪ್ರಾಣ ಕೊಟ್ಟಳು. ಅವಳ ಹಿಂದೆ ಹೋದವರೂ ಸೇರಿ 363 ಬಿಷ್ಣೋಯಿ ಜನ ಸತ್ತರು ಎನ್ನುತ್ತಾರೆ.

ಮಸ್ಕತ್‌ನಲ್ಲಿ ವರ್ಷಕ್ಕೆ ಸರಾಸರಿ 100 ಮಿ.ಮೀ. ಆಸುಪಾಸು ಮಳೆ. ಅಂಥ ಕಡೆ ಬನ್ನಿ ಬದುಕುವುದು ಆಳದ ನೀರನ್ನು ಹುಡುಕಿಕೊಂಡು ಹೋಗುವ ತಾಯಿಬೇರಿನಿಂದ. ಅದು 30 ಮೀಟರ್‌ವರೆಗೂ ಇಳಿಯಬಲ್ಲದು, ಹತ್ತು ಮಹಡಿ ಕಟ್ಟಡದಷ್ಟು! ಸಸಿಯಾಗಿದ್ದಾಗಲೇ ಅದರ ಕೆಳಗಿನ ಭಾಗ ಮೇಲಿನದಕ್ಕಿಂತ ಉದ್ದ. ಹಾಗಾಗಿ ಬೆಳೆದ ಬನ್ನಿಯನ್ನು ಕಿತ್ತು ಇನ್ನೊಂದು ಕಡೆ ನೆಡುವುದು ಬಹಳ ಕಷ್ಟದ ಕೆಲಸ. ಅದನ್ನು ಚಿಕ್ಕದಿರುವಾಗಲೇ ನೆಡುವುದು ವಾಸಿ. (ನರ್ಸರಿಯಲ್ಲಿ ಕೊಳ್ಳುವಾಗ ಒಂದು ಎಚ್ಚರ: ಇದರ ಹತ್ತಿರದ ಸಂಬಂಧಿ ನಮ್ಮೂರಿನ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದದ್ದು, ನೋಡಲು ಸ್ವಲ್ಪ ಹಾಗೇ ಇರುತ್ತದೆ. ಅಲ್ಲೂ ಕಾಟ, ಇಲ್ಲೂ ಕಾಟ.)

ಹೀಗಾಗಿ ಅಕ್ಟೋಬರ್‌ನಲ್ಲಿ, ದಸರಾ ಮುಗಿದ ವಾರ, ನಮ್ಮ ತರಗತಿ ನಡೆಯುವ ವಿಲ್ಲಾದ ಅಂಗಳದಲ್ಲಿ ನೀವೆಲ್ಲ ಸೇರಿ ಒಂದು ಗಾಫ್ ಸಸಿ ನೆಟ್ಟಿರಿ. ಬಿಸಿಲು ಇಳಿಯುವ ಹೊತ್ತು ಅದೇ ಆದ್ದರಿಂದ ಬೇಸಿಗೆ ಬರುವಷ್ಟರಲ್ಲಿ ಬೇರಿಗೆ ಆರು ತಿಂಗಳು ಸಿಗುತ್ತದೆ. ನಾವು ಬೇವು ತಂದದ್ದು ಏಪ್ರಿಲ್‌ನಲ್ಲಿ, ನೆನಪಿರಲಿ. ಅವತ್ತು ಗಡಿಬಿಡಿಯಲ್ಲಿ ಯಾಕೆ ಹಾಗೆ ಮಾಡಿದೆವು ಅಂತ ಹೇಳಲು ಆಗಲಿಲ್ಲ. ಗುಂಡಿಯನ್ನು ಆಳಕ್ಕಿಂತ ಅಗಲ ಮಾಡಿದ್ದು ಬೇರು ಪಕ್ಕಕ್ಕೆ ಸುಲಭವಾಗಿ ಹರಡಲಿ ಅಂತ. ಚೀಲ ಹರಿದಾಗ ತಳದಲ್ಲಿ ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿದೆವು. ಬಿಡಿಸದಿದ್ದರೆ ಅವು ದಪ್ಪವಾಗಿ ಮುಂದೆ ಕಾಂಡವನ್ನೇ ಹಿಸುಕುತ್ತವೆ. ಕಾಂಡದ ಬುಡ ನೆಲದ ಮಟ್ಟಕ್ಕೇ ಇರಬೇಕು, ಹೂತುಹೋದರೆ ಕೊಳೆಯುತ್ತದೆ. ಪಾತಿಯ ಮೇಲೆ ಒಣ ಖರ್ಜೂರದ ಗರಿ ಮುಚ್ಚಿದ್ದು ತೇವ ಆರದಿರಲಿ ಅಂತ. ಮತ್ತೆ ನೀರು ದಿನಾ ಚಿಮುಕಿಸಬೇಡಿ. ಮೇಲೆ ಮೇಲೆ ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೊಮ್ಮೆ, ಈ ಮೊದಲ ಬೇಸಿಗೆಯಲ್ಲಿ ಎರಡು ಸಲ, ನಿಧಾನವಾಗಿ ಆಳಕ್ಕಿಳಿಯುವಷ್ಟು ಹಾಕಿ.

ನೆಡುವುದು ಅರ್ಧ ಗಂಟೆಯ ಕೆಲಸ, ಫೋಟೋನೂ ಚೆನ್ನಾಗಿ ಬರುತ್ತದೆ. ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಬಂತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಅವರೂ ಅವರ ಗಂಡ ಚಿಕ್ಕಯ್ಯನವರೂ ನೂರಾರು ಆಲದ ಸಸಿ ನೆಟ್ಟದ್ದು ನಿಮಗೆ ಗೊತ್ತು. ಆದರೆ ನನಗೆ ಹೆಚ್ಚು ಅನ್ನಿಸುವುದು ಅವರು ಆಮೇಲೆ ಮಾಡಿದ್ದು. ಕೊಡದಲ್ಲಿ ನೀರು ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆದರು, ದನ ತಿನ್ನದಂತೆ ಸುತ್ತ ಮುಳ್ಳು ಕಟ್ಟಿದರು, ವರ್ಷಗಟ್ಟಲೆ. ಕಳೆದ 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಆಲಗಳು ನಿಂತಿವೆ.

ಪೋಷಕರಲ್ಲಿ ಒಂದು ಮಾತು. ಮರ ಬೆಳೆಸುವುದು, ಸಾಗಿಸುವುದು, ರೋಗ ನೋಡುವುದು, ಕೊಂಬೆ ಕತ್ತರಿಸುವುದು ಇವೆಲ್ಲ ಓದಿ ಕಲಿಯುವ ವೃತ್ತಿಗಳು. ಶಿರಸಿಯಲ್ಲೂ ಪೊನ್ನಂಪೇಟೆಯಲ್ಲೂ ಅರಣ್ಯ ಕಾಲೇಜುಗಳಿವೆ. ಮಕ್ಕಳು "ನಾನು ಮರದ ಡಾಕ್ಟರ್ ಆಗ್ತೀನಿ" ಅಂದರೆ ನಗಬೇಡಿ. ಕಂಪ್ಯೂಟರ್ ಸೈನ್ಸ್ ಓದಿದವರ ಗತಿ ಏನಾಯಿತು ಅಂತ ಬೇವಿನ ಕಥೆಯಲ್ಲಿ ನೋಡಿದಿರಲ್ಲ.

ಗಾಫ್ ಈಗ ನನ್ನ ಮಗಳ ಮೊಣಕಾಲಿನಷ್ಟಿದೆ. ನೆಟ್ಟಾಗ ಒಂದು ಗೇಣಿತ್ತು. ಅವಳು ಅಳೆದು ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿದ್ದಾಳೆ, ವಿಲ್ಲಾದವರು ಕ್ಷಮಿಸಬೇಕು. ಜೂನ್, ಜುಲೈನಲ್ಲಿ ಮುಕ್ಕಾಲು ಜನ ಊರಿಗೆ ಹೋಗುತ್ತೀರಿ, ಬಿಸಿಲು ಉರಿಯುವುದೂ ಆಗಲೇ. ನೀರು ಹಾಕುವ ಸರದಿಯ ಪಟ್ಟಿಯನ್ನು ತರಗತಿಯ ಬಾಗಿಲಿಗೆ ಅಂಟಿಸಿದ್ದೇವೆ. ಜುಲೈ ತಿಂಗಳ ಎರಡನೇ ಮತ್ತು ಮೂರನೇ ವಾರ ಇನ್ನೂ ಖಾಲಿ ಇವೆ. ಆ ಹೊತ್ತಿಗೆ ಮಸ್ಕತ್‌ನಲ್ಲೇ ಇರುವ ಮನೆಯವರು ದಯವಿಟ್ಟು ಹೆಸರು ಬರೆಯಿರಿ. ಬಕೆಟ್ ಬಾಗಿಲ ಹಿಂದೆ ಇದೆ, ನಲ್ಲಿ ಗೇಟಿನ ಎಡಕ್ಕೆ.