ಒಂದು ಮೀಟರ್ ಮೇಲೆದ್ದ ರಸ್ತೆ

ಸರ್ವೇಯಿಂಗ್ ಲ್ಯಾಬಿನಲ್ಲಿ ಬಿಸಿಲಿಗೆ ನಿಂತು ಆಟೋ ಲೆವೆಲ್‌ನಲ್ಲಿ ಕಣ್ಣಿಟ್ಟವರಿಗೆಲ್ಲ ಒಮ್ಮೆಯಾದರೂ ಅನ್ನಿಸಿರುತ್ತೆ: ಈ ಆರ್‌ಎಲ್ ಒಂಚೂರು ಆಚೀಚೆ ಆದ್ರೆ ಯಾರ ಗಂಟು ಹೋಗುತ್ತೆ? ಇದಕ್ಕೆ ಉತ್ತರ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿದೆ. ಅಲ್ಲಿನ ರಿಂಗ್‌ಸ್ಟ್ರಾಸೆ ಎಂಬ ರಾಜಬೀದಿಯಲ್ಲಿ ಒಂದು ಸುತ್ತು ಹಾಕೋಣ. ವೀಸಾ ಬೇಡ, ಗೂಗಲ್ ಸ್ಟ್ರೀಟ್ ವ್ಯೂ ಇದ್ದರೆ ಸಾಕು.

ಮೊದಲು ಈ ರಸ್ತೆ ಬಂದದ್ದು ಹೇಗೆ ಅಂತ ತಿಳಿದುಕೊಳ್ಳಬೇಕು. ವಿಯೆನ್ನಾದ ಹಳೇ ಊರನ್ನು ಕೋಟೆಗೋಡೆ ಸುತ್ತುವರಿದಿತ್ತು. ಗೋಡೆಯಾಚೆ ಶತ್ರುಗಳಿಗೆ ಅಡಗಲು ಮರೆ ಸಿಗಬಾರದೆಂದು ಅಗಲವಾದ ಬಯಲನ್ನು ಖಾಲಿ ಬಿಟ್ಟಿದ್ದರು. ಊರು ಬೆಳೆದು ಉಸಿರು ಕಟ್ಟಿತು. ಕೊನೆಗೆ 1857ರ ಡಿಸೆಂಬರ್‌ನಲ್ಲಿ ಚಕ್ರವರ್ತಿ ಫ್ರಾನ್ಸ್ ಯೋಸೆಫ್ ಗೋಡೆ ಕೆಡವಲು ಆಜ್ಞೆ ಮಾಡಿದ. 1865ರ ಮೇ 1ರಂದು ರಸ್ತೆ ಉದ್ಘಾಟನೆಯಾಯಿತು. ದುಡ್ಡು ಬಂದದ್ದು ಎಲ್ಲಿಂದ? ಖಾಲಿ ಬಯಲನ್ನು ಸೈಟು ಮಾಡಿ ಶ್ರೀಮಂತರಿಗೆ ಮಾರಿದರು, ಮನೆ ಕಟ್ಟುವವರಿಗೆ ತೆರಿಗೆ ವಿನಾಯಿತಿ ಕೊಟ್ಟರು, ಬಂದ ಹಣವನ್ನು ಸಾರ್ವಜನಿಕ ಕಟ್ಟಡಗಳಿಗೆ ಹಾಕಿದರು. ಸೈಟು ವ್ಯವಹಾರ ನಮ್ಮೂರಿನದೇ ಆವಿಷ್ಕಾರ ಅಂತ ಅಂದುಕೊಂಡಿದ್ದರೆ ಅದನ್ನು ಈಗಲೇ ಮರೆತುಬಿಡಿ.

ವಿಶ್ವವಿದ್ಯಾಲಯದ ಮುಂದಿನಿಂದ ನಡಿಗೆ ಶುರು ಮಾಡಿ. ಹೈನ್ರಿಖ್ ಫೆರ್ಸ್ಟೆಲ್ ಅದನ್ನು ಇಟಲಿಯ ರೆನೆಸಾನ್ಸ್ ಶೈಲಿಯಲ್ಲಿ ಕಟ್ಟಿದ. ವಿದ್ಯೆ ಅಂದರೆ ರೆನೆಸಾನ್ಸ್ ತಾನೇ! ಸ್ವಲ್ಪ ಮುಂದೆ ಬಲಗಡೆ ನಗರಸಭೆಯ ಕಟ್ಟಡ ರಾಟ್‌ಹೌಸ್ ಇದೆ. ಸ್ವತಂತ್ರ ಮಧ್ಯಯುಗದ ಊರುಗಳ ನೆನಪಿಗೆ ಅದು ಗೋಥಿಕ್ ಶೈಲಿಯಲ್ಲಿದೆ. ಅದರ ಪಕ್ಕದ ಸಂಸತ್ತು ಗ್ರೀಕ್ ದೇವಾಲಯದ ಹಾಗೆ, ಕಂಬಗಳ ಸಾಲು. ಪ್ರಜಾಪ್ರಭುತ್ವ ಹುಟ್ಟಿದ್ದು ಅಥೆನ್ಸ್‌ನಲ್ಲಿ ಎಂಬ ಲೆಕ್ಕ. ಆದರೆ 1883ರಲ್ಲಿ ಅದು ಸಿದ್ಧವಾದಾಗ ಎಲ್ಲ ಗಂಡಸರಿಗೂ ಮತದಾನದ ಹಕ್ಕಿರಲಿಲ್ಲ. ಅದು ಬಂದದ್ದು 1907ರಲ್ಲಿ, ಹೆಂಗಸರಿಗೆ ಇನ್ನೂ ತಡವಾಗಿ. ಅಂದರೆ ವೇಷ ಮೊದಲು ಬಂತು, ಪಾತ್ರ ಆಮೇಲೆ.

ಈ ಎಲ್ಲ ಕಟ್ಟಡಗಳೂ ಹೆಚ್ಚುಕಡಿಮೆ ಒಂದೇ ಕಾಲದವು ಅನ್ನೋದು ಮರೆಯಬೇಡಿ. ಮುಖಕ್ಕೆ ಗ್ರೀಕೋ ಗೋಥಿಕ್ಕೋ ಏನೇ ಇರಲಿ, ಹಿಂದೆ ಇರುವುದು ಇಟ್ಟಿಗೆ. ಊರಿನ ದಕ್ಷಿಣಕ್ಕಿದ್ದ ವೀನರ್‌ಬೆರ್ಗ್ ಇಟ್ಟಿಗೆ ಗೂಡುಗಳಲ್ಲಿ ಬೊಹೀಮಿಯಾ ಕಡೆಯಿಂದ ಬಂದ ಕೂಲಿಗಳು ಅದನ್ನು ಸುಡುತ್ತಿದ್ದರು. 1888ರಲ್ಲಿ ವಿಕ್ಟರ್ ಆಡ್ಲರ್ ಎಂಬ ವೈದ್ಯ ಗುಟ್ಟಾಗಿ ಒಳಹೊಕ್ಕು ನೋಡಿ ಬರೆದ: ಕೂಲಿ ಕೊಡುತ್ತಿದ್ದದ್ದು ನಾಣ್ಯದಲ್ಲಲ್ಲ, ತಗಡಿನ ಬಿಲ್ಲೆಗಳಲ್ಲಿ. ಅವು ನಡೆಯುತ್ತಿದ್ದದ್ದು ಗೂಡಿನ ಆವರಣದ ಅಂಗಡಿಯಲ್ಲಿ ಮಾತ್ರ. ಪ್ರವಾಸಿಗಳ ಫೋಟೋದಲ್ಲಿ ಈ ಇಟ್ಟಿಗೆ ಬರಲ್ಲ, ಮೇಲೆ ಗಾರೆ ಇದೆಯಲ್ಲ.

ರಾಟ್‌ಹೌಸ್ ಎದುರಿಗಿರುವ ಬುರ್ಗ್‌ಥಿಯೇಟರ್ 1888ರಲ್ಲಿ ತೆರೆಯಿತು. ನೋಡಲು ಅದ್ಭುತ, ಆದರೆ ಒಳಗೆ ಕೂತವರಿಗೆ ಮಾತು ಸರಿಯಾಗಿ ಕೇಳಿಸದು, ಕೆಲವು ಕಡೆಯಿಂದ ರಂಗವೂ ಕಾಣದು. ಸಂಸತ್ತಿನಲ್ಲಿ ಏನೂ ಕೇಳಿಸಲ್ಲ, ರಾಟ್‌ಹೌಸಿನಲ್ಲಿ ಏನೂ ಕಾಣಿಸಲ್ಲ, ಬುರ್ಗ್‌ಥಿಯೇಟರಿನಲ್ಲಿ ಎರಡೂ ಇಲ್ಲ ಅಂತ ಊರವರ ಜೋಕು. 1897ರಲ್ಲಿ ಪ್ರೇಕ್ಷಾಂಗಣವನ್ನೇ ಮತ್ತೆ ಕಟ್ಟಿದರು. ಇದು ನಿಜಕ್ಕೂ ವಿನ್ಯಾಸದ ತಪ್ಪು, ಆದರೆ ರಿಪೇರಿಯಲ್ಲೇ ಮುಗಿದುಹೋಯಿತು.

ಎದುರುಬದುರು ನಿಂತ ಅವಳಿ ಮ್ಯೂಸಿಯಂಗಳನ್ನು ದಾಟಿದರೆ ಆಪೆರಾ. ನಾವು ಬಂದದ್ದು ಇದಕ್ಕೇ.

ರಿಂಗ್‌ನ ದೊಡ್ಡ ಸರ್ಕಾರಿ ಕಟ್ಟಡಗಳಲ್ಲಿ ಇದೇ ಮೊದಲು ಮುಗಿದದ್ದು. ವಾಸ್ತುಶಿಲ್ಪಿಗಳು ಇಬ್ಬರು: ಎಡ್ವರ್ಡ್ ವಾನ್ ಡೆರ್ ನ್ಯೂಲ್ ಮತ್ತು ಆಗಸ್ಟ್ ಸಿಕಾರ್ಡ್ಸ್‌ಬುರ್ಗ್. ಜೀವದ ಗೆಳೆಯರು, ವರ್ಷಗಟ್ಟಲೆ ಕೂಡಿಯೇ ದುಡಿದವರು. ಕೆಲಸ ಶುರುವಾದದ್ದು 1861ರಲ್ಲಿ. ಆಮೇಲೆ ಏನಾಯ್ತು ಗೊತ್ತಾ? ಕಟ್ಟಡದ ಮುಂದಿನ ರಸ್ತೆಯ ಮಟ್ಟವನ್ನು ಸುಮಾರು ಒಂದು ಮೀಟರ್ ಏರಿಸಿದರು. ಮೇಲೇಳುತ್ತಿರುವ ಗೋಡೆಯನ್ನು ಜಾಕ್ ಹಾಕಿ ಎತ್ತಲು ಆಗುತ್ತಾ? ಪ್ಲಿಂತ್ ಮುಚ್ಚಿಕೊಂಡಿತು, ಕಟ್ಟಡ ಕುಳ್ಳಗೆ ಕಂಡಿತು. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಯ ಹೊಸಿಲು ರಸ್ತೆಗಿಂತ ಕೆಳಗಿಳಿದದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಅಲ್ಲಿ ಮಳೆನೀರು ಒಳಗೆ ನುಗ್ಗುತ್ತೆ, ಇಲ್ಲಿ ನುಗ್ಗಿದ್ದು ಬೈಗುಳ. ಜನ ಅದನ್ನು ನೆಲಕ್ಕೆ ಹೂತ ಪೆಟ್ಟಿಗೆ ಎಂದರು. 1866ರಲ್ಲಿ ಪ್ರಷ್ಯಾದೆದುರು ಕ್ಯೋನಿಗ್‌ಗ್ರೆಟ್ಸ್ ಯುದ್ಧದಲ್ಲಿ ಆಸ್ಟ್ರಿಯಾ ಸೋತಿತ್ತಲ್ಲ, ಈ ಕಟ್ಟಡ ವಾಸ್ತುಶಿಲ್ಪದ ಕ್ಯೋನಿಗ್‌ಗ್ರೆಟ್ಸ್ ಅಂತಲೂ ಆಡಿಕೊಂಡರು. ಚಕ್ರವರ್ತಿಯೂ ಟೀಕೆಗೆ ದನಿಗೂಡಿಸಿದ ಎನ್ನುತ್ತಾರೆ.

ರಸ್ತೆಯ ಮಟ್ಟ ಬದಲಿಸಿದ್ದು ಇವರಲ್ಲ. ಆದರೆ ಬೈಸಿಕೊಂಡದ್ದು ಇವರೇ. 1868ರ ಏಪ್ರಿಲ್‌ನಲ್ಲಿ ವಾನ್ ಡೆರ್ ನ್ಯೂಲ್ ಪ್ರಾಣ ಕಳೆದುಕೊಂಡ. ಮೊದಲೇ ಕಾಯಿಲೆಯಲ್ಲಿದ್ದ ಸಿಕಾರ್ಡ್ಸ್‌ಬುರ್ಗ್ ಜೂನ್‌ನಲ್ಲಿ ತೀರಿಕೊಂಡ. ಮರುವರ್ಷ ಮೇ 25ರಂದು ಮೊಜಾರ್ಟ್‌ನ 'ಡಾನ್ ಜೊವಾನಿ'ಯೊಂದಿಗೆ ಆಪೆರಾ ತೆರೆದಾಗ ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರೂ ಇರಲಿಲ್ಲ. ಈ ಸಾವಿನ ನಂತರ ಚಕ್ರವರ್ತಿ ಏನು ತೋರಿಸಿದರೂ "ಬಹಳ ಚೆನ್ನಾಗಿದೆ, ನನಗೆ ತುಂಬ ಸಂತೋಷವಾಯಿತು" ಅಂತಷ್ಟೇ ಹೇಳುವುದನ್ನು ರೂಢಿ ಮಾಡಿಕೊಂಡ ಎಂಬ ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

1945ರ ಮಾರ್ಚ್‌ನಲ್ಲಿ ಬಾಂಬು ಬಿದ್ದು ಪ್ರೇಕ್ಷಾಂಗಣವೂ ರಂಗವೂ ಸುಟ್ಟುಹೋದವು. ರಸ್ತೆಗೆ ಮುಖ ಮಾಡಿದ ಮುಂಭಾಗ, ದೊಡ್ಡ ಮೆಟ್ಟಿಲು ಉಳಿದವು. ರಿಪೇರಿ ಮುಗಿದು ಮತ್ತೆ ಬಾಗಿಲು ತೆರೆದದ್ದು 1955ರಲ್ಲಿ. ಅಂದರೆ ಇವತ್ತು ಸ್ಟ್ರೀಟ್ ವ್ಯೂನಲ್ಲಿ ನಾವು ನೋಡೋದು ಆ ಇಬ್ಬರು ಕಟ್ಟಿಸಿದ, ಅಷ್ಟೊಂದು ಬೈಸಿಕೊಂಡ ಅದೇ ಮುಖ. ಟ್ರಾಮ್ ಹಳಿಯ ಮಟ್ಟದಿಂದ ಕಮಾನುಗಳ ಬುಡದವರೆಗೆ ಝೂಮ್ ಮಾಡಿ ನೋಡಿ. ನಾನಂತೂ ಅರ್ಧ ಗಂಟೆ ಹುಡುಕಿದೆ, ಹೂತ ಪೆಟ್ಟಿಗೆ ಕಾಣಲೇ ಇಲ್ಲ.