ಚಾಪ್ಲಿನ್ ಕಮಾನು ಯಾವ ಕೈಯಲ್ಲಿ?

ಚಾರ್ಲಿ ಚಾಪ್ಲಿನ್ ಅಂದ್ರೆ ನಮಗೆಲ್ಲ ನೆನಪಾಗೋದು ಟೋಪಿ, ಕೋಲು. ಸ್ವಿಟ್ಜರ್ಲೆಂಡಿನ ವೆವೆ ಊರಿನ ಸರೋವರದ ದಡದಲ್ಲಿರೋ ಕಂಚಿನ ಪ್ರತಿಮೆಯೂ ಹಾಗೇ ಇದೆ. ಹತ್ತಿರದಲ್ಲೇ, 1953ರಿಂದ 1977ರವರೆಗೆ ಅವರು ಬಾಳಿದ ಮನೆ 2016ರಿಂದ ಮ್ಯೂಸಿಯಂ ಆಗಿದೆ.

ಅಲ್ಲಿ ನಾವು ಸಂಗೀತಗಾರ ಚಾಪ್ಲಿನ್‌ರ ಶಿಲ್ಪ ನಿಲ್ಲಿಸೋದಾದ್ರೆ ಕಮಾನು ಯಾವ ಕೈಗೆ ಕೊಡ್ಬೇಕು? ಎಡಗೈಗೆ! ಅವರ ವಯಲಿನ್‌ನಲ್ಲಿ ತಂತಿಗಳಷ್ಟೇ ಅಲ್ಲ, ಒಳಗಿನ ರಚನೆಯೂ ಅದಲುಬದಲು.

ಮಾಮೂಲಿ ವಯಲಿನ್‌ನಲ್ಲಿ ದಪ್ಪ ತಂತಿಯ ಕಡೆ ಮೇಲ್ಹಲಗೆಯ ಒಳಮೈಗೆ ಅಂಟಿಸಿದ ಮರದ ಪಟ್ಟಿ ಇರುತ್ತೆ. ಇದು ಬೇಸ್ ಬಾರ್. ತೆಳು ತಂತಿಯ ಕಡೆ ಎರಡು ಹಲಗೆಗಳ ನಡುವೆ ನಿಲ್ಲಿಸಿದ ಪುಟ್ಟ ಕಂಬವೇ ಸೌಂಡ್ ಪೋಸ್ಟ್. ಅದು ಭಾರ ಹೊರುತ್ತೆ, ಕಂಪನವನ್ನ ಹಿಂಹಲಗೆಗೆ ದಾಟಿಸುತ್ತೆ. ಬರೀ ತಂತಿ ಬದಲಿಸಿದ್ರೆ ಈ ಲೆಕ್ಕಾಚಾರ ತಪ್ಪುತ್ತೆ.

ಚಾಪ್ಲಿನ್‌ಗೆ ಸ್ವರಲಿಪಿ ಬರ್ತಿರಲಿಲ್ಲ. ಗುನುಗಿ, ನುಡಿಸಿ ತೋರಿಸ್ತಿದ್ರು, ಬಲ್ಲವರು ಬರೆದುಕೊಳ್ತಿದ್ರು. 1952ರ ‘ಲೈಮ್‌ಲೈಟ್’ ಸಂಗೀತಕ್ಕೆ 1973ರಲ್ಲಿ ಆಸ್ಕರ್ ಬಂತು, ಇನ್ನಿಬ್ಬರ ಜೊತೆಗೆ. ಅದೇ ಚಿತ್ರದಲ್ಲಿ ಬಸ್ಟರ್ ಕೀಟನ್ ಪಿಯಾನೋ ಮುಂದೆ, ಚಾಪ್ಲಿನ್ ವಯಲಿನ್ ಹಿಡಿದು. ನಗುವಿನ ನಡುವೆ ಆ ಕೈ ಗಮನಿಸೋಣ. ರೂಢಿಯಂತೆ ಶಿಲ್ಪದ ಬಲಗೈಗೆ ಕಮಾನು ಕೊಟ್ರೆ ಮುಖ ಹೊಂದೀತು, ಆದ್ರೆ ಸಂಗೀತಗಾರ ತಪ್ಪಿಹೋಗ್ತಾರೆ.