ಅರ್ಧ ಕಿಲೋದ ಕಲ್ಲು

ಉಪಕರಣ ತಪಾಸಣೆಯ ಮೇಜಿನ ಹಿಂದೆ ಕೂತಿದ್ದವರು ನನ್ನ ಏರ್ ಪಿಸ್ತೂಲನ್ನು ಮೂತಿ ಮೇಲಾಗಿ ಹಿಡಿದು, ಟ್ರಿಗರ್‌ಗೆ ತೂಕದ ಕೊಕ್ಕೆ ಸಿಕ್ಕಿಸಿ ನಿಧಾನಕ್ಕೆ ಎತ್ತಿದರು. ತೂಕ ಮೇಜು ಬಿಡುವ ಮೊದಲೇ 'ಟಿಕ್' ಅಂತು. ಇನ್ನೊಮ್ಮೆ ಎತ್ತಿದರು, ಮತ್ತೆ 'ಟಿಕ್'. ಮೂರನೆಯದೂ ಹಾಗೇ ಆಯಿತು. "ಐನೂರು ಗ್ರಾಂ ಹೊರ್ತಿಲ್ಲ. ಸರಿ ಮಾಡಿಕೊಂಡು ಬನ್ನಿ" ಅಂದರು.

ಅದು 2022, ಬೆಂಗಳೂರು, ನನ್ನ ಮೊದಲ ರಾಜ್ಯ ಮಟ್ಟದ ಸ್ಪರ್ಧೆ. ಹತ್ತು ಮೀಟರ್ ಏರ್ ಪಿಸ್ತೂಲಿನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತಡೆದುಕೊಳ್ಳಬೇಕು. ಅದಕ್ಕಿಂತ ಹಗುರಾಗಿದ್ದರೆ ಬೆರಳು ಸೋಕಿದೊಡನೆ ಗುಂಡು ಹಾರುತ್ತದೆ, ಅದು ಅನ್ಯಾಯದ ಅನುಕೂಲ. ನಿಯಮ ನನಗೆ ಗೊತ್ತಿತ್ತು. ನಮ್ಮೂರು, ರಾಯಚೂರು ಜಿಲ್ಲೆಯ ತುರ್ವಿಹಾಳದಿಂದ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಅಳೆದೇ ಬಂದಿದ್ದೆ. ನಮ್ಮೋಣಿಯ ಕಿರಾಣಿ ಅಂಗಡಿಯಿಂದ ಅರ್ಧ ಕಿಲೋದ ಕಲ್ಲು ಇಸ್ಕೊಂಡು, ದಾರ ಕಟ್ಟಿ, ಹತ್ತು ಸಲ ಎತ್ತಿ ನೋಡಿದ್ದೆ. ಹತ್ತೂ ಸಲ ಟ್ರಿಗರ್ ಗಟ್ಟಿ ನಿಂತಿತ್ತು.

ಅಂದರೆ ಕಲ್ಲೇ ಅರ್ಧ ಕಿಲೋ ಇರಲಿಲ್ಲ.

ಇಪ್ಪತ್ತು ವರ್ಷದಿಂದ ನಮ್ಮವ್ವ ಆ ಕಲ್ಲಿನಲ್ಲೇ ಸಕ್ಕರೆ ತೂಗಿಸಿಕೊಂಡು ಬಂದಿದ್ದಾಳೆ ಎಂಬ ವಿಚಾರ ಹೊಳೆದದ್ದು ಆಮೇಲೆ. ಆ ಗಳಿಗೆಯಲ್ಲಿ ಕೈ ನಡುಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯ ಶೂಟರ್ ಒಬ್ಬರು ಪುಟ್ಟ ಅಲೆನ್ ಕೀ ಕೊಟ್ಟರು, ಸ್ಕ್ರೂ ಅರ್ಧ ಸುತ್ತು ತಿರುವಿದೆ, ತಪಾಸಣೆ ಪಾಸಾಯಿತು. ಆದರೆ ಆರು ತಿಂಗಳು ನನ್ನ ಬೆರಳು ಕಲಿತಿದ್ದ ಟ್ರಿಗರ್ ಅದಲ್ಲ. ಎಪ್ಪತ್ತೈದು ನಿಮಿಷದಲ್ಲಿ 60 ಗುಂಡು, 600ಕ್ಕೆ ನನಗೆ ಬಂದದ್ದು 521. ಯಾರೂ ನಗಲಿಲ್ಲ. ಅಂಥ ಅಂಕವನ್ನು ಅಲ್ಲಿ ಯಾರೂ ನೋಡುವುದೇ ಇಲ್ಲ.

ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ. ಅದಕ್ಕೂ ಮೊದಲು ನಾನು ಹಿಡಿದಿದ್ದ ಬಂದೂಕೆಂದರೆ ಸೋಮಲಾಪುರದ ಅಂಬಾಮಠದ ಜಾತ್ರೆಯಲ್ಲಿ ಬಲೂನ್ ಹೊಡೆಯುವ ಛರ್ರಾ ಬಂದೂಕು, ಅದರ ನಳಿಗೆಯೇ ಸೊಟ್ಟ. 2020ರ ಲಾಕ್‌ಡೌನಿಗೆ ಊರು ಸೇರಿದವನು ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ ಮ್ಯಾಚ್ ಪಿಸ್ತೂಲು ತಂದಿದ್ದೆ. ಬೆಲೆ ಕೇಳಿ ಅಪ್ಪ, "ಇಷ್ಟಕ್ಕ ಎರಡು ಎಮ್ಮಿ ಬರತಿದ್ವಲ್ಲೋ" ಅಂದ. ಭತ್ತ ಖಾಲಿಯಾಗಿದ್ದ ನಮ್ಮ ಗೋದಾಮಿನಲ್ಲಿ ಹತ್ತು ಮೀಟರ್ ಅಳೆದು, ನೆಲದಿಂದ 1.4 ಮೀಟರ್ ಎತ್ತರಕ್ಕೆ ಗುರಿಹಲಗೆಯ ನಡುಬಿಂದು ಬರುವಂತೆ ಮೊಳೆ ಹೊಡೆದೆ. ಹಿಂದೆ ಓರೆಯಾಗಿ ಒಂದು ಕಬ್ಬಿಣದ ತಗಡು, ಕೆಳಗೆ ಮರಳಿನ ಪೆಟ್ಟಿಗೆ. ಭತ್ತದ ಚೀಲವನ್ನೇ ಆಸರೆಗೆ ಒಡ್ಡಬೇಕೆಂದಿದ್ದೆ, ಅವ್ವ ಬಿಡಲಿಲ್ಲ. ಅವಳದೇ ಸರಿ. ಛರ್ರಾ ಅಂದರೆ ಸೀಸ, ಅದು ಉಣ್ಣುವ ಕಾಳಿಗೆ ತಾಕಬಾರದು. ಡಬ್ಬಿಯಿಂದ ಛರ್ರಾ ತೆಗೆದ ಕೈಯಲ್ಲೇ ಮಿರ್ಚಿ ಭಜಿ ತಿನ್ನುತ್ತಿದ್ದ ನಾನು ಕೈ ತೊಳೆಯುವುದನ್ನು ಕಲಿತದ್ದೂ ಆಗಲೇ.

ಗೋದಾಮಿನಲ್ಲಿ ಗುಂಡು ಹೊಡೀತಾರಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿ ಠಾಣೆಯಿಂದ ಒಬ್ಬರು ಬಂದರು. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಬಂದೂಕುಗಳನ್ನು ಠಾಣೆಗೆ ಒಪ್ಪಿಸುವ ರೂಢಿ ನಮ್ಮ ಕಡೆಯವರಿಗೆಲ್ಲ ಗೊತ್ತು, ಇದನ್ನೂ ಒಪ್ಪಿಸಬೇಕಾ ಎಂಬುದು ಅವರ ಪ್ರಶ್ನೆ. ನಳಿಗೆ 4.5 ಮಿಲಿಮೀಟರ್ ಮೀರದಿದ್ದರೆ, ಮೂತಿಯಲ್ಲಿ ಶಕ್ತಿ 20 ಜೂಲ್ ದಾಟದಿದ್ದರೆ ಏರ್ ಗನ್‌ಗೆ ಲೈಸೆನ್ಸ್ ಬೇಡ ಎಂದು ವಿವರಿಸಿದೆ. ಅರ್ಧ ಗ್ರಾಮಿನ ಛರ್ರಾ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೋದರೆ ಆರು ಜೂಲೂ ಆಗುವುದಿಲ್ಲ ಎಂದು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವರು ಚಹಾ ಕುಡಿದು, ತಾವೂ ಐದು ಹೊಡೆದು ಹೋದರು. ಈ ನೆಲಕ್ಕೆ ಗುರಿಕಾರಿಕೆ ಹೊಸದೇನಲ್ಲ ಬಿಡಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ, ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಕೋವಿಗಾರರು ಗೋಡೆಯ ಮೇಲೆ ತಲೆ ಎತ್ತಿದವರನ್ನು ಗುರಿಯಿಟ್ಟು ಕೆಡವಿದ್ದನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿಟ್ಟಿದ್ದಾನೆ. ಅವರ ಟ್ರಿಗರ್ ಯಾರೂ ತೂಗಲಿಲ್ಲ.

521 ಬಂದ ಮೇಲೆ ಎಲ್ಲ ಹೊಸಬರು ಮಾಡುವುದನ್ನೇ ನಾನೂ ಮಾಡಿದೆ: ಸಾಮಾನಿನ ಮೇಲೆ ಸಂಶಯಪಟ್ಟೆ. ರಾತ್ರಿಯಿಡೀ ಅಮೆರಿಕದವರ ವಿಡಿಯೊ ನೋಡುತ್ತಿದ್ದೆ. ಅಲ್ಲಿಯ ಪಿಸ್ತೂಲುಗಾರರು ಖಾಲಿ ತೋಟಾಗಳನ್ನು ಆಯ್ದು ತಂದು, ಹೊಸ ಕಿಡಿಮದ್ದು (ಪ್ರೈಮರ್), ಮದ್ದು, ಗುಂಡು ಕೂರಿಸಿ ತಮ್ಮ ತೋಟಾ ತಾವೇ ಕಟ್ಟಿಕೊಳ್ಳುತ್ತಾರೆ. ಅಡುಗೆಮನೆಯ ಶಿಸ್ತು ಅದಕ್ಕೆ. ನಮ್ಮಲ್ಲಿ ಅದರ ಮಾತೇ ಬೇರೆ. ಮದ್ದಿನ ಪಿಸ್ತೂಲಿಗೆ ಲೈಸೆನ್ಸ್ ಬೇಕು, ಪ್ರತಿ ತೋಟಾಕ್ಕೆ ಲೆಕ್ಕ ಬೇಕು. ಸ್ಪರ್ಧೆಗಳಲ್ಲಿ ಹೆಚ್ಚು ಬಳಕೆಯ .22 ತೋಟಾವನ್ನಂತೂ ಮತ್ತೆ ತುಂಬಲು ಬರುವುದೇ ಇಲ್ಲ. ಅದರ ಕಿಡಿಮದ್ದು ಅಂಚಿನ ಮಡಿಕೆಯೊಳಗೆ ಇರುತ್ತದೆ, ಸೂಜಿ ಬಡಿದು ಒಮ್ಮೆ ಚಪ್ಪಟೆಯಾದ ಅಂಚು ಮತ್ತೆ ಕೆಲಸಕ್ಕಿಲ್ಲ.

ತೋಟಾ ಕಟ್ಟುವ ಆಸೆಯನ್ನು ನಾನು ಛರ್ರಾದ ಮೇಲೆ ತೀರಿಸಿಕೊಂಡೆ. ಐನೂರರ ಡಬ್ಬಿ ಹಾಸಿಗೆಯ ಮೇಲೆ ಸುರುವಿ, ಲಂಗದಂಥ ಹಿಂಬದಿ ಸೊಟ್ಟಾದವನ್ನು ಆರಿಸಿ, ಸಿಂಧನೂರಿನ ಅಕ್ಕಸಾಲಿಯೊಬ್ಬರ ಬಂಗಾರದ ತಕ್ಕಡಿಯಲ್ಲಿ ಒಂದೊಂದೇ ತೂಗಿ, ಬೇರೆ ಬೇರೆ ಡಬ್ಬಿಗೆ ಹಾಕಿದೆ. ತಲೆಯ ಅಳತೆಯಲ್ಲೂ ಜಾತಿಗಳಿವೆ, 4.48, 4.49, 4.50. ಮೂರನ್ನೂ ತರಿಸಿದೆ. ಅಕ್ಕಸಾಲಿ ಮಾವ ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಕೇಳಿದರು: "ತಮ್ಮಾ, ಇದರಾಗ ಬಂಗಾರ ಎಷ್ಟ್ ಸಿಗತತಿ?"

ಏನೂ ಸಿಗಲಿಲ್ಲ. ಪಿಸ್ತೂಲನ್ನು ಕಂಬಾರಸಾಲೆಯ ವೈಸಿಗೆ ಅರಿವೆ ಸುತ್ತಿ ಬಿಗಿದು ಹೊಡೆದಾಗ, ಆರಿಸಿದ್ದೂ ಆರಿಸದ್ದೂ ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋದವು. ಹತ್ತರ ವೃತ್ತದ ಅಡ್ಡಳತೆ 11.5 ಮಿಲಿಮೀಟರ್. ವೈಸ್ ಅದರೊಳಗೇ ಇತ್ತು. ನನ್ನ ಕೈಯಲ್ಲಿ ಮಾತ್ರ ಅದೇ ಛರ್ರಾಗಳು 59.5 ಮಿಲಿಮೀಟರಿನ ಇಡೀ ಕಪ್ಪು ವೃತ್ತದ ತುಂಬ ಚೆಲ್ಲಿದ ರಾಗಿಯ ಹಾಗೆ ಹರಡುತ್ತಿದ್ದವು. ಆ ದಿನ ಕಾಗದ ತೆಗೆದು ಲೆಕ್ಕ ಹಾಕಿದೆ. ಮುಂದಿನ ಗುರಿಕಡ್ಡಿಗೂ ಹಿಂದಿನದಕ್ಕೂ ನಡುವೆ ಸುಮಾರು 33 ಸೆಂಟಿಮೀಟರ್. ಎರಡರ ಹೊಂದಾಣಿಕೆ ಒಂದು ಮಿಲಿಮೀಟರ್ ತಪ್ಪಿದರೆ ಹತ್ತು ಮೀಟರ್ ಆಚೆ ಮೂವತ್ತು ಮಿಲಿಮೀಟರ್ ತಪ್ಪುತ್ತದೆ. ಹತ್ತು ಹೋಗಿ ಏಳು. ಛರ್ರಾದ ತಲೆ ನೂರನೇ ಒಂದು ಮಿಲಿಮೀಟರ್ ಹೆಚ್ಚೋ ಕಡಿಮೆಯೋ ಎಂದು ನಿದ್ದೆಗೆಟ್ಟವನಿಗೆ ಕಣ್ಣೆದುರಿನ ಆ ಒಂದು ಮಿಲಿಮೀಟರ್ ಕಂಡಿರಲಿಲ್ಲ.

ಕಂಡ ಮೇಲಾದರೂ ಬುದ್ಧಿ ಬಂತಾ? ಇಲ್ಲ. ಒಂದೇ ವಾರದಲ್ಲಿ ಹೊಸ ಛರ್ರಾ, ಅಗಲದ ಹಿಂದಿನ ಗುರಿಕಡ್ಡಿ, ಮರದ ಹಿಡಿಗೆ ಮೇಣದಂಥ ಪುಟ್ಟಿ, ನಿಲ್ಲುವ ಭಂಗಿ ಎಲ್ಲ ಬದಲಿಸಿದೆ. ಗೋದಾಮಿನಲ್ಲಿ ಅಂಕ 505ಕ್ಕೆ ಇಳಿಯಿತು. ಯಾವುದು ಕೆಡಿಸಿತು ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು ಹೇಳಿದ: "ಬೀಜಾನೂ ಗೊಬ್ಬರಾನೂ ಒಂದ ವರ್ಷ ಬದಲಿಸಿದ್ರ, ಬೆಳಿ ಕೈಕೊಟ್ಟಾಗ ಯಾವುದಕ್ಕ ಬೈತಿ?" ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುವ ವರ್ಷ, ಬಾರದ ವರ್ಷ ಎರಡನ್ನೂ ಕಂಡ ಮನುಷ್ಯ ಅವನು. ಹತ್ತು ಮೀಟರ್ ಎಂದರೇನು ಎಂದು ಅವನಿಗೆ ಗೊತ್ತಿಲ್ಲ. ಆದರೆ ನನಗೆ ಯಾವ ತರಬೇತಿಯಲ್ಲೂ ಸಿಗದಿದ್ದ ಮಾತು ಅದು.

ಎಲ್ಲವನ್ನೂ ಹಿಂದಿನಂತೆ ಮಾಡಿ, ತಿಂಗಳಿಗೆ ಒಂದೇ ಬದಲಾವಣೆ ಎಂದು ಲೆಕ್ಕದ ಪುಸ್ತಕ ತೆರೆದೆ. ಮೊದಲ ತಿಂಗಳು ಹಿಡಿ. ಬಡಿಗೇರ ಕಾಕಾ ಪಿಸ್ತೂಲಿನ ಹಿಡಿಯನ್ನು ತಿರುವಿ ನೋಡಿ, "ಇದು ನೇಗಿಲ ಮೇಣಿ ಇದ್ದಂಗ. ಹಿಡಿಯಾವನ ಕೈ ನೋಡಿ ಕೆತ್ತಬೇಕು" ಎಂದರು. ನನ್ನ ಅಂಗೈಗೆ ಇದ್ದಿಲು ಹಚ್ಚಿ, ಹಿಡಿಸಿ, ಕಪ್ಪು ಹತ್ತಿದ ಕಡೆ ಅರದಿಂದ ಉಜ್ಜಿದರು, ಹತ್ತದ ಕಡೆ ಪುಟ್ಟಿ ತುಂಬಿದರು. ಮಣಿಕಟ್ಟಿಗೆ ಆಸರೆ ಆಗುವಂತೆ ಹಿಡಿ ಉದ್ದವಾಗಬಾರದು ಎಂಬ ನಿಯಮ ಹೇಳಿದೆ, ಅಲ್ಲಿಗೇ ನಿಲ್ಲಿಸಿದರು. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ ಕಣ್ಣು ಬಿಟ್ಟರೆ ಎರಡೂ ಗುರಿಕಡ್ಡಿಗಳು ತಾವಾಗಿ ಸಾಲು ಹಿಡಿದಿರಬೇಕು, ಅದೇ ಪರೀಕ್ಷೆ. ಆರನೆಯ ಸಂಜೆ ಹಿಡಿದವು. ಆ ಒಂದು ತಿಂಗಳಲ್ಲೇ ಹದಿನೈದು ಅಂಕ ಏರಿತು. ಎರಡನೆಯ ತಿಂಗಳು ಛರ್ರಾ ಇಲ್ಲದೆ ಬರೀ ಟ್ರಿಗರ್ ಎಳೆಯುವ ಅಭ್ಯಾಸ, ಬಿಳಿ ಗೋಡೆಯ ಮುಂದೆ ದಿನಕ್ಕೆ ನೂರು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಅದಕ್ಕೇ ಇರಬೇಕು, ಅದನ್ನು ಯಾರೂ ಮಾಡುವುದಿಲ್ಲ.

ಗಾಳಿಯ ಕಥೆ ಬೇರೆ. ಪಿಸ್ತೂಲಿನ ಸಿಲಿಂಡರಿಗೆ 200 ಬಾರ್ ಒತ್ತಡದ ಗಾಳಿ ಬೇಕು. ಪಂಕ್ಚರ್ ಅಂಗಡಿಯವನು, "ಅಣ್ಣಾ, ಟ್ರಾಕ್ಟರ್ ಟೈರಿಗೇ ತುಂಬಸ್ತೀನಿ, ಇದೆಷ್ಟರದು" ಎಂದ. ಅವನ ಕಂಪ್ರೆಸರ್ ಹತ್ತು ಬಾರಿನ ಆಸುಪಾಸು. ವೆಲ್ಡಿಂಗ್‌ನವರು ಆಕ್ಸಿಜನ್ ಕೊಡಲು ತಯಾರಿದ್ದರು. ಒಂದು ಹನಿ ಎಣ್ಣೆ, ಗ್ರೀಸ್ ಇದ್ದರೂ ಒತ್ತಡದ ಆಕ್ಸಿಜನ್ ಸಿಡಿಯುತ್ತದೆ, ಕೈಯೇ ಹೋಗುತ್ತದೆ. ಅದನ್ನು ಯಾರೂ, ಯಾವತ್ತೂ ಮಾಡಬಾರದು. ಕಡೆಗೆ ಕೈಪಂಪು ತಂದೆ. ಸಿಲಿಂಡರ್ ತುಂಬುವಷ್ಟರಲ್ಲಿ ಅಂಗಿ ತೊಯ್ಯುತ್ತದೆ, ಸಿಗುವುದು ನೂರೈವತ್ತು ಹೊಡೆತ. ನಮ್ಮ ಬೇಸಿಗೆಯೂ ಒಂದು ಪಾಠ ಹೇಳಿತು. 25 ಡಿಗ್ರಿಯಲ್ಲಿ 200 ಬಾರ್ ತುಂಬಿದ್ದು ಬಿಸಿಲಿಗೆ ನಿಂತ ಕಾರಿನಲ್ಲಿ 45 ಡಿಗ್ರಿಗೆ ಕಾದರೆ 213 ಆಗುತ್ತದೆ. ಈಗ ಬಸ್ಸಿನಲ್ಲಿ ಹೋದರೆ ಒದ್ದೆ ಅರಿವೆ ಸುತ್ತಿ ಸೀಟಿನ ಕೆಳಗೆ ನೆರಳಲ್ಲಿ ಇಡುತ್ತೇನೆ.

2023ರ ಸ್ಪರ್ಧೆಗೆ ಹೋಗುವಾಗ ಮುದ್ರೆ ಒತ್ತಿದ ಹೊಸ ತೂಕ ನನ್ನ ಚೀಲದಲ್ಲಿತ್ತು. ಟ್ರಿಗರ್ ಮೊದಲ ಸಲವೇ ಪಾಸಾಯಿತು. ಅದೇ ಮೇಜಿನವರು ಸಿಲಿಂಡರ್ ತಿರುವಿ ಕನ್ನಡಕ ಸರಿಮಾಡಿಕೊಂಡರು. ಮೈಮೇಲೆ ಕೊರೆದ ದಿನಾಂಕ ಏಪ್ರಿಲ್ 2013. ತಯಾರಕರು ಹೇಳುವ ಆಯುಷ್ಯ ಹತ್ತು ವರ್ಷ, ನಾನು ನಿಂತಿದ್ದು ಜುಲೈನಲ್ಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಳಿಗೆ, ಹಿಡಿ, ಟ್ರಿಗರ್ ಎಲ್ಲ ನೋಡಿದ್ದೆ, ಸಿಲಿಂಡರಿನ ಹುಟ್ಟಿದ ದಿನ ನೋಡಿರಲಿಲ್ಲ. ಮಂಡ್ಯ ಕಡೆಯ ಒಬ್ಬ ಹುಡುಗ, ನನ್ನ ಅರ್ಧ ವಯಸ್ಸಿನವನು, ತನ್ನ ಎರಡನೆಯ ಸಿಲಿಂಡರ್ ಕಳಚಿ ಕೊಟ್ಟ. "ತಗೊಳಿ ಅಣ್ಣ, ನನ್ನ ಬ್ಯಾಚು ಮಧ್ಯಾಹ್ನ" ಅಂದ. ಅವನೇ ಅಂದು ನನಗಿಂತ ಮೂವತ್ತು ಅಂಕ ಹೆಚ್ಚು ಹೊಡೆದ.

ಸಾಮಾನು ಕೈಕೊಡುವುದು ನಮ್ಮಂಥವರ ಹಣೆಬರಹ ಮಾತ್ರ ಅಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ, 2021ರ ಜುಲೈನಲ್ಲಿ, ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ನಿಂತುಬಿಟ್ಟಿತು. ಕಾಲು ಗಂಟೆಗೂ ಹೆಚ್ಚು ಹೊತ್ತು ಹೋಯಿತು. ಉಳಿದ ಸಮಯದಲ್ಲಿ ಓಡೋಡಿ ಹೊಡೆದು 575 ಮುಟ್ಟಿ 12ನೆಯವರಾದರು. ಆ ಅಂಕ ನೋಡಿದಾಗಲೆಲ್ಲ ನನಗೆ ಸುಸ್ತಾಗುತ್ತದೆ. ಗಡಿಬಿಡಿಯಲ್ಲಿ ಅವರು ಹೊಡೆದದ್ದನ್ನು ನಾನು ಸಾವಧಾನದಲ್ಲೂ ಮುಟ್ಟಿಲ್ಲ. ಮೂರು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಎರಡು ಕಂಚು ತಂದರು, ಒಂದು ಒಬ್ಬರೇ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರದು ಇನ್ನೂ ವಿಚಿತ್ರ. 2013ರಲ್ಲಿ ಸ್ಪೇನಿನಲ್ಲಿ ಸ್ಪರ್ಧೆಗೆ ಹೋದಾಗ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಗುರಿಕಾರನಿಗೆ ಕಣ್ಣಿನ ರೆಪ್ಪೆಯೂ ಉಪಕರಣವೇ. ಅದನ್ನು ಬಿಚ್ಚಿ ಸ್ಕ್ರೂ ತಿರುವಲು ಬರುವುದಿಲ್ಲ. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಹತ್ತು ಮೀಟರಿನಲ್ಲಿ ಅವರು ಬೆಳ್ಳಿ ಗೆದ್ದರು.

ಸಾಲ ಪಡೆದ ಸಿಲಿಂಡರಿನಲ್ಲಿ ನನಗೆ 538 ಬಂತು. ಕೊನೆಯ ಸರಣಿಯಲ್ಲಿ ಒಂದು ಆರು ಹೊಡೆದೆ. ಅದಕ್ಕೆ ಕಾರಣ ಗೊತ್ತು: ಗುಂಡು ಹೊರಡುವ ಮೊದಲೇ ಪರದೆಯ ಮೇಲೆ ಅಂಕ ನೋಡಲು ಕಣ್ಣು ಓಡಿತ್ತು. ಪುಸ್ತಕದಲ್ಲಿ ಆ ಒಂದೇ ಸಾಲು ಬರೆದುಕೊಂಡೆ.

ಊರಿಗೆ ಬಂದವನು ಕಿರಾಣಿ ಅಂಗಡಿಯಲ್ಲಿ ನನ್ನ ಮುದ್ರೆಯ ತೂಕವನ್ನು ಅವರ ಕಲ್ಲಿನ ಎದುರು ತಕ್ಕಡಿಗೆ ಇಟ್ಟೆ. ನನ್ನದು ಕೆಳಗೆ ಕೂತಿತು, ಅವರದು ಮೇಲೆ ತೂಗಾಡಿತು. ಅಂಗಡಿಯಣ್ಣ ನಕ್ಕು, "ಸವದೈತಿ ಬಿಡ್ರಿ, ಎಷ್ಟ್ ವರ್ಷದ್ದು" ಎಂದರು. ಈಗ ಶೂಟಿಂಗ್ ಚೀಲದಲ್ಲಿ ಆ ತೂಕ ಕಾಣದಿದ್ದರೆ ನಾನು ಹುಡುಕುವುದಿಲ್ಲ. ಅವ್ವ ಸಕ್ಕರೆ ತರಲು ಹೋಗಿದ್ದಾಳೆ ಎಂದೇ ಅರ್ಥ.